ಗೆರೆ ದಾಟಿದ ಹೆಣ್ಣುಮಕ್ಕಳು

ಬಾಸ್ಕೆಟ್‌ಬಾಲ್ ಆಟ ನೋಡಿದ್ದೀರಾ? ಎತ್ತರದಲ್ಲಿ ಒಂದು ಕಬ್ಬಿಣದ ಬಳೆ ಇರುತ್ತೆ. ಅದಕ್ಕೆ ಬಲೆ ಕಟ್ಟಿರುತ್ತಾರೆ. ಚೆಂಡನ್ನು ಆ ಬಳೆಯೊಳಗೆ ಹಾಕಬೇಕು. ಹಾಕಿದರೆ ಅಂಕ.

ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಅಲ್ಲಿ ಚಳಿಗಾಲದಲ್ಲಿ ಹೊರಗೆ ಆಡುವುದು ಕಷ್ಟ. ಅದಕ್ಕೆ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಒಳಗೇ ಆಡುವ ಆಟ ಕಟ್ಟಿದರು. ಹಣ್ಣಿನ ಬುಟ್ಟಿ ಎರಡು ತರಿಸಿದರು. ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದರು. ಇಂಗ್ಲಿಷಿನಲ್ಲಿ ಬಾಸ್ಕೆಟ್ ಅಂದರೆ ಬುಟ್ಟಿ. ಅದಕ್ಕೇ ಈ ಹೆಸರು. ಆಗ ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೀಬೇಕಿತ್ತು!

ಮರುವರ್ಷ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ಕಾಲೇಜು ಹುಡುಗಿಯರಿಗೆ ಈ ಆಟ ಕಲಿಸಿದರು. ಆದರೆ ಹೆಣ್ಣುಮಕ್ಕಳು ಹೆಚ್ಚು ಓಡಬಾರದು, ಮೈಗೆ ಕೇಡು ಅಂತ ಆಗಿನ ಜನ ನಂಬಿದ್ದರು. ಹಾಗಾಗಿ ಹುಡುಗಿಯರಿಗೆ ಬೇರೆ ನಿಯಮ ಮಾಡಿದರು. ಅಂಗಳಕ್ಕೆ ಗೆರೆ ಎಳೆದು ಮೂರು ಭಾಗ ಮಾಡಿದರು. ತನ್ನ ಭಾಗ ಬಿಟ್ಟು ಯಾರೂ ಆಚೆ ಹೋಗುವ ಹಾಗಿಲ್ಲ. ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳುವ ಹಾಗೂ ಇಲ್ಲ.

1938ರಲ್ಲಿ ಮೂರು ಭಾಗ ಎರಡಾಯಿತು. ತಂಡಕ್ಕೆ ಆರು ಜನ. ಮೂವರು ಬುಟ್ಟಿಗೆ ಹಾಕುವವರು. ಮೂವರು ತಡೆಯುವವರು. ನಡುವಿನ ಗೆರೆ ದಾಟುವಂತಿಲ್ಲ. ತಡೆಯುವವಳಿಗೆ ಆಟ ಮುಗಿಯುವ ತನಕ ಬುಟ್ಟಿಗೆ ಚೆಂಡು ಹಾಕುವ ಭಾಗ್ಯವೇ ಇಲ್ಲ!

ಕೊನೆಗೆ 1971ರಲ್ಲಿ ಕಾಲೇಜು ಆಟದಲ್ಲಿ ಆ ಗೆರೆ ಹೋಯಿತು. ತಂಡಕ್ಕೆ ಐದು ಜನ, ಅಂಗಳ ಪೂರ್ತಿ ಓಟ. 1972ರಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡಬಾರದು ಎಂದಿತು. 1976ರಲ್ಲಿ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಸ್ಕೆಟ್‌ಬಾಲ್ ಶುರುವಾಯಿತು. 1997ರಲ್ಲಿ ಅಮೆರಿಕದಲ್ಲಿ ಎಂಟು ತಂಡಗಳ ಪಂದ್ಯಾವಳಿ ಆರಂಭವಾಯಿತು. ಅದರ ಹೆಸರು ಡಬ್ಲ್ಯೂಎನ್‌ಬಿಎ. ಅಲ್ಲಿ ಆಡುವ ಹೆಂಗಸರಿಗೆ ಸಂಬಳ ಉಂಟು.

ಆದರೆ ಅಯೋವಾ ಎಂಬ ರಾಜ್ಯದ ಶಾಲೆಗಳಲ್ಲಿ ಹಳೆಯ ಗೆರೆ 1993ರವರೆಗೂ ಉಳಿದಿತ್ತು. ಅದೇ ಅಯೋವಾದಲ್ಲಿ ಬೆಳೆದ ಹುಡುಗಿ ಕೈಟ್ಲಿನ್ ಕ್ಲಾರ್ಕ್. ಬಹಳ ದೂರದಿಂದಲೇ ಚೆಂಡು ಎಸೆದು ಬಳೆಯೊಳಗೆ ಬೀಳಿಸುತ್ತಾಳೆ. ದೂರದಿಂದ ಹಾಕಿದರೆ ಮೂರು ಅಂಕ. 2024ರಲ್ಲಿ ಅವಳ ಕಾಲೇಜು ತಂಡ ಫೈನಲ್ ತಲುಪಿತು. ಆ ಪಂದ್ಯದಲ್ಲಿ ಅವರು ಸೋತರು. ಆದರೆ ಅದನ್ನು ಟಿವಿಯಲ್ಲಿ ನೋಡಿದವರು ಸುಮಾರು 1 ಕೋಟಿ 90 ಲಕ್ಷ ಜನ. ಆ ವರ್ಷ ಗಂಡಸರ ಫೈನಲ್ ನೋಡಿದವರು ಅದಕ್ಕಿಂತ ಕಡಿಮೆ!

ಸಂಬಳದಲ್ಲಿ ಮಾತ್ರ ಇನ್ನೂ ಗೆರೆ ಇದೆ. ಆಟ ಅದೇ, ಬೆವರು ಅದೇ. ಆದರೂ ಹೆಂಗಸರಿಗೆ ಗಂಡಸರಿಗಿಂತ ಬಹಳ ಕಡಿಮೆ. ನಮ್ಮ ಹೊಲದ ಕೂಲಿ ನೆನಪಾಯಿತೇ?

ಅಕ್ಕತಂಗಿಯರೇ, ಓಡುವ ಶಕ್ತಿ ಆ ಹುಡುಗಿಯರ ಕಾಲಿನಲ್ಲಿ ಮೊದಲೂ ಇತ್ತು. ಗೆರೆ ಎಳೆದವರು ಜನ. ಅಳಿಸಿದವರೂ ಜನವೇ.

ಕೂಡಿ ಮಾತಾಡಿ: ಚಿಕ್ಕಂದಿನಲ್ಲಿ ನೀವು ಯಾವ ಆಟ ಆಡುತ್ತಿದ್ದಿರಿ? ಯಾವಾಗ ಬಿಟ್ಟಿರಿ? ಬಿಡಿಸಿದವರು ಯಾರು?