ಪಟದ ಚೌಕಟ್ಟಿಗೆ ತೋಡು ತೆಗೆಯುವ ಬಗೆ



ನಿಮ್ಮ ನಡುಮನೆಯ ಗೋಡೆಯ ಮೇಲಿರುವ ಹಿರಿಯರ ಪಟವನ್ನು ಒಮ್ಮೆ ಕೆಳಗಿಳಿಸಿ, ಬೆನ್ನು ತಿರುಗಿಸಿ ನೋಡಿ. ರಟ್ಟು ಚೌಕಟ್ಟಿನಿಂದ ಹೊರಕ್ಕೆ ಉಬ್ಬಿದೆಯೆ? ಮೊಳೆಗಳು ಬಾಗಿ ತುಕ್ಕು ಹಿಡಿದಿವೆಯೆ? ಈಗ ಮುಂಭಾಗ ನೋಡಿ. ಮುಖದ ಮೇಲೋ ಅಂಗಿಯ ಮೇಲೋ ಒದ್ದೆಯಾದಂತೆ ಹೊಳೆಯುವ ಮಚ್ಚೆ ಕಂಡರೆ ಫೋಟೋ ಗಾಜಿಗೆ ಅಂಟಿಕೊಂಡಿದೆ ಎಂದು ತಿಳಿಯಿರಿ.

ಹಳೆಯ ಫೋಟೋ ಕಾಗದದ ಮೇಲೆ ಜಿಲಾಟಿನ್ ಎಂಬ, ಅಂಟಿನ ಜಾತಿಯ ತೆಳುಪದರ ಇರುತ್ತದೆ. ಮಳೆಗಾಲದ ತೇವಕ್ಕೆ ಅದು ಮೆದುವಾಗಿ, ಗಾಜು ತಾಗಿದ್ದರೆ ಹಿಡಿದುಕೊಳ್ಳುತ್ತದೆ. ಆಮೇಲೆ ಎಳೆದರೆ ಚಿತ್ರ ಗಾಜಿನ ಮೇಲೆ ಉಳಿಯುತ್ತದೆ, ಬಿಳಿಯ ಕಾಗದ ಕೈಗೆ ಬರುತ್ತದೆ. ನಮ್ಮ ಮನೆಯಲ್ಲಿಯೇ ಹೀಗಾಯಿತು. ಅಜ್ಜಿಯದು ಇದ್ದುದು ಒಂದೇ ಫೋಟೋ. ಗಾಜು ಬದಲಿಸೋಣವೆಂದು ಎಳೆದವನು ನಾನೇ. ಎಡಗೆನ್ನೆಯೂ ಒಂದು ಕಣ್ಣೂ ಗಾಜಿನ ಮೇಲೆ ನಿಂತವು. ಆದುದರಿಂದ ಅಂಟಿದ ಪಟವನ್ನು ಬಿಡಿಸಲು ಹೋಗಬೇಡಿ. ಗಾಜಿನ ಸಮೇತವೇ ಅದರ ಪ್ರತಿ ತೆಗೆಸಿಕೊಳ್ಳಿ.

ಇಲ್ಲಿ ತಪ್ಪು ಗಾಜಿನದಲ್ಲ, ತೋಡಿನದು. ಚೌಕಟ್ಟಿನ ಒಳ ಅಂಚಿನಲ್ಲಿ, ಹಿಂಬದಿಯಿಂದ ಮೆಟ್ಟಿಲಿನಂತೆ ಕೆತ್ತಿ ತೆಗೆದ ಜಾಗವೇ ತೋಡು. ಗಾಜು, ಫೋಟೋ, ರಟ್ಟು ಎಲ್ಲವೂ ಅದರೊಳಗೇ ಕೂರಬೇಕು. ಪೇಟೆಯ ಅಗ್ಗದ ಚೌಕಟ್ಟಿನಲ್ಲಿ ತೋಡು ಎಷ್ಟೋ ವೇಳೆ 5 ಮಿ.ಮೀ. ಆಳವೂ ಇರುವುದಿಲ್ಲ. ಗಾಜು ಮತ್ತು ಹಿಂಬದಿಯ ಹಲಗೆ ಸೇರಿದರೆ ಅಷ್ಟೂ ತುಂಬಿಹೋಯಿತು. ಫೋಟೋ ಗಾಜಿಗೆ ಒತ್ತಿಕೊಳ್ಳದೆ ಇನ್ನೇನು ಮಾಡೀತು? ಲೆಕ್ಕ ಹೀಗಿರಲಿ: ಗಾಜು 2 ಮಿ.ಮೀ., ಗಾಜಿಗೂ ಫೋಟೋಗೂ ನಡುವೆ ಸುತ್ತ ಇಡುವ ಅಂಚುರಟ್ಟು 1.5, ಫೋಟೋದ ಹಿಂದಿನ ರಟ್ಟು 1.5, ಹಿಂಬದಿಯ ಹಲಗೆ 3. ಒಟ್ಟು 8. ಮೊಳೆ ಹಿಡಿಯಲು 2 ಸೇರಿಸಿ 10 ಮಿ.ಮೀ. ಆಳ ತೆಗೆಯಿರಿ. ಅಗಲ 6 ಮಿ.ಮೀ. ಸಾಕು. ಮರ 20 ಮಿ.ಮೀ. ದಪ್ಪವಿದ್ದರೆ ಮುಂದೆ ಇನ್ನೂ ಅರ್ಧ ಉಳಿಯುತ್ತದೆ.

ಮರದ ವಿಚಾರ. ಅರೇಹಳ್ಳಿ, ಬಿಕ್ಕೋಡು ಕಡೆಯ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಚೌಕಟ್ಟಿಗೆ ಚೆನ್ನಾಗಿ ಒದಗುತ್ತದೆ. ಅದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೆಲಸ ಮುಗಿದೊಡನೆ ಕೈ ತೊಳೆಯಿರಿ. ಹಲಸು, ತೇಗ, ಹೊನ್ನೆ ಇದ್ದರೆ ಕೇಳುವುದೇ ಬೇಡ. ಆದರೆ ತೇಗ, ಹೊನ್ನೆ, ಬೀಟೆ ಸ್ವಂತ ಜಮೀನಿನಲ್ಲಿದ್ದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಯಾವ ಮರವಾದರೂ ಒಣಗಿರಬೇಕು. ನಮ್ಮ ಬೇಲೂರು, ಹಳೇಬೀಡಿನ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಕೆತ್ತಿದ ಮೇಲೆ ಗಾಳಿಗೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಮರ ಹಾಗಲ್ಲ. ಹಸಿಯಾಗಿ ಕೆತ್ತಿದರೆ ಒಣಗುತ್ತ ಸೊಟ್ಟಗಾಗಿ ಮೂಲೆ ಬಾಯಿಬಿಡುತ್ತದೆ. ಅಂಗುಲ ದಪ್ಪದ ಹಲಗೆಗಳನ್ನು ನಡುವೆ ರೀಪು ಇಟ್ಟು, ನೆರಳಿನಲ್ಲಿ ಒಂದು ವರ್ಷ ಪೇರಿಸಿಡಿ.

ಹಿಂದೆ ಬಡಗಿಗಳು ಈ ತೋಡನ್ನು ಹತ್ತರಿಯಿಂದ ತೆಗೆಯುತ್ತಿದ್ದರು. ಈಗ ರೌಟರ್ ಎಂಬ ಕೈಯಂತ್ರ ಬಂದಿದೆ. ಮೋಟಾರು, ಅದರ ಕೆಳಗೆ ಹಿಡಿಕೆಗೆ ಸಿಕ್ಕಿಸಿದ ಅಲಗು, ಸುತ್ತ ಒಂದು ಪೀಠ, ಇಷ್ಟೇ ಅದರ ರಚನೆ. ಸಣ್ಣ ರೌಟರಿನ ಅಲಗು ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುತ್ತದೆ. ತೋಡಿಗೆಂದೇ ತುದಿಯಲ್ಲಿ ಬೇರಿಂಗ್ ಇರುವ ಅಲಗು ಸಿಗುತ್ತದೆ. ಬೇರಿಂಗ್ ಮರದ ಅಂಚಿಗೆ ಒರಗಿ ಉರುಳುವುದರಿಂದ ಅಗಲ 6 ಮಿ.ಮೀ. ದಾಟುವುದಿಲ್ಲ.

ಅಲಗು ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು; ಹೋದ ಕರೆಂಟು ಯಾವ ಗಳಿಗೆಯಲ್ಲಿ ಬರುತ್ತದೆಂದು ನಮಗೆ ಯಾರು ಹೇಳುತ್ತಾರೆ? ಅಲಗಿನ ಕಾಂಡವನ್ನು ಪೂರ್ತಿ ಒಳಗೆ ತಳ್ಳಿ, 2 ಮಿ.ಮೀ. ಹಿಂದಕ್ಕೆಳೆದು ಬಿಗಿಮಾಡಿ. ಹೆಗಲ ಮೇಲಿನ ಟವಲು ತೆಗೆದಿಡಿ. ಕೈಗವಸು ಕೂಡದು, ಅಲಗು ಅದನ್ನು ಸುತ್ತಿಕೊಂಡರೆ ಬೆರಳೂ ಹೋಗುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

ಇನ್ನು ದಿಕ್ಕು. ಹೊಸಬರು ಎಡವುವುದು ಇಲ್ಲಿಯೇ. ಮೇಲಿನಿಂದ ನೋಡಿದರೆ ಅಲಗು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ತೋಡು ತೆಗೆಯುವ ಅಂಚು ನಿಮ್ಮ ಕಡೆಗಿದ್ದರೆ ಯಂತ್ರವನ್ನು ಎಡದಿಂದ ಬಲಕ್ಕೆ ನಡೆಸಿ. ಆಗ ಅಲಗು ಎದುರು ಒತ್ತುತ್ತದೆ, ಹಿಡಿತ ನಿಮ್ಮ ಕೈಯಲ್ಲಿರುತ್ತದೆ. ಬಲದಿಂದ ಎಡಕ್ಕೆ ತಂದರೆ ಅಲಗೇ ಮರದ ಮೇಲೆ ಓಡತೊಡಗುತ್ತದೆ, ಇಳಿಜಾರಿನಲ್ಲಿ ಭಾರದ ಗಾಡಿ ಎತ್ತುಗಳನ್ನೇ ನೂಕಿಕೊಂಡು ಹೋದಂತೆ. ನನ್ನ ಮೊದಲ ಹಲಗೆ ಹೀಗೆ ಸೀಳಿತು. ಬೆರಳು ಉಳಿದದ್ದು ಪುಣ್ಯ.

10 ಮಿ.ಮೀ. ಆಳವನ್ನು ಒಂದೇ ಸಲಕ್ಕೆ ತೆಗೆಯಬೇಡಿ. ಸಲಕ್ಕೆ 3 ಮಿ.ಮೀ.ನಂತೆ ಇಳಿಸುತ್ತ, ನಾಲ್ಕು ಓಟದಲ್ಲಿ ಮುಗಿಸಿ. ಒಂದೇ ಕಡೆ ನಿಂತರೆ ಮರ ಸುಟ್ಟು ಕಪ್ಪಾಗುತ್ತದೆ; ನಡೆಯುತ್ತಲೇ ಕಪ್ಪಾಗುತ್ತಿದ್ದರೆ ಅಲಗು ಮೊಂಡಾಗಿದೆ.

ಅಗಲ ಕಿರಿದಾದ ಪಟ್ಟಿಯ ಮೇಲೆ ರೌಟರ್ ನಿಲ್ಲದೆ ವಾಲುತ್ತದೆ. ಅದಕ್ಕೆ ಸುಲಭದ ಉಪಾಯವಿದೆ. 4 ಅಂಗುಲ ಅಗಲದ ಉದ್ದ ಹಲಗೆಯನ್ನು ಮೇಜಿಗೆ ಶಿಕಂಜದಿಂದ ಬಿಗಿದು, ಎರಡೂ ಅಂಚಿಗೆ ತೋಡು ತೆಗೆಯಿರಿ. ಆಮೇಲೆ ನಡುವೆ ಸೀಳಿದರೆ ಎರಡು ಪಟ್ಟಿ ಸಿಗುತ್ತವೆ. ಮೂಲೆಗಳನ್ನು 45 ಡಿಗ್ರಿಗೆ ಕೊಯ್ಯುವುದು ಕಡೆಗೆ. 12 ಅಂಗುಲ, 10 ಅಂಗುಲದ ಗಾಜಿಗೆ ಒಂದೂವರೆ ಅಂಗುಲ ಅಗಲದ ಪಟ್ಟಿಯಾದರೆ 5 ಅಡಿ ಬೇಕು. ತೋಡಿನ ಅಳತೆ ಗಾಜಿಗಿಂತ ಉದ್ದಗಲಗಳಲ್ಲಿ 3 ಮಿ.ಮೀ. ಹೆಚ್ಚಿರಲಿ, ಮಳೆಗಾಲದಲ್ಲಿ ಮರ ಉಬ್ಬಿದರೂ ಗಾಜು ಒಡೆಯುವುದಿಲ್ಲ.

ಮನೆಯಲ್ಲಿರುವ ಹಳೆಯ ಚೌಕಟ್ಟನ್ನೇ ಆಳ ಮಾಡುವುದಾದರೆ ಮೊದಲು ಮೊಳೆಗಳನ್ನೆಲ್ಲ ಕಿತ್ತುಬಿಡಿ. ಅಲಗು ಮೊಳೆಗೆ ತಾಗಿದರೆ ಚೂರು ಕಣ್ಣಿಗೆ ಹಾರುತ್ತದೆ. ಒಳ ಅಂಚಿನಲ್ಲಿ ರೌಟರನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೇ ನಡೆಸಿ. ಅಲಗು ದುಂಡಗಿರುವುದರಿಂದ ಮೂಲೆಗಳೂ ದುಂಡಗೆ ಉಳಿಯುತ್ತವೆ, ಅವನ್ನು ಉಳಿಯಿಂದ ಚೌಕ ಮಾಡಿಕೊಳ್ಳಿ. 15 ಮಿ.ಮೀ.ಗಿಂತ ತೆಳುವಾದ ಚೌಕಟ್ಟಿಗೆ ಈ ಸಾಹಸ ಬೇಡ.

ಒಂದೆರಡು ಪಟಕ್ಕಾಗಿ ಒಬ್ಬೊಬ್ಬರೂ ಯಂತ್ರ ಕೊಳ್ಳುವುದು ದಂಡ. ಸ್ವಸಹಾಯ ಸಂಘದವರು ಸೇರಿ ಒಂದನ್ನು ಕೊಂಡರೆ ಮಾದಿಹಳ್ಳಿಯ ಸುತ್ತಿನ ನಾಲ್ಕು ಹಳ್ಳಿಗೆ ಸಾಕು. ಬಡಗಿ ಕಸುಬಿನವರಾದರೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ವಿಚಾರವನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಅದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವನ್ನು ಅದರಲ್ಲಿ ಗೊತ್ತುಮಾಡಲಾಗಿದೆ.

ಚೌಕಟ್ಟು ಸಿದ್ಧವಾದ ಮೇಲೆ ಹಿಂಬದಿಯ ಕೆಳಮೂಲೆಗಳಿಗೆ ಬೆಂಡಿನ ಎರಡು ಚೂರು ಅಂಟಿಸಿ. ಪಟ ಗೋಡೆಗೆ ತಾಗದೆ, ಹಿಂದೆ ಗಾಳಿ ಆಡುತ್ತದೆ. ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಮುಂಗಾರಿನ ಎರಚಲು ಹೊಡೆಯುವ ಪಡುವಣ ಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗುಹಾಕಿ.