ಬೆಳ್ಳಿಬೆಟ್ಟದ ಬುಡದ ಪೊಟೊಸಿ

ಬಸ್ಸಿಳಿದು, ಚೀಲ ಹೆಗಲಿಗೇರಿಸಿ ಹತ್ತು ಹೆಜ್ಜೆ ಏರುವಷ್ಟರಲ್ಲಿ ಏದುಸಿರು. ಬೊಲಿವಿಯಾದ ಪೊಟೊಸಿ ನಗರವಿರುವುದು ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿ. ಸುಧಾರಿಸಿಕೊಳ್ಳಲು ನಿಂತ ಓಣಿಯ ತುದಿಯಲ್ಲೇ ಬೆಟ್ಟ ಕಂಡಿತು: ಕಣದಲ್ಲಿ ರಾಶಿ ಹಾಕಿದ ರಾಗಿಯಂತೆ ಕೆಂಪಗೆ, ಮೊನಚಾಗಿ. ಸ್ಪ್ಯಾನಿಷರು ಇಟ್ಟ ಹೆಸರು ಸೆರ್ರೊ ರಿಕೊ, ಸಿರಿವಂತ ಬೆಟ್ಟ. ಕೆಚುವಾ ಜನರಿಗೆ ಅದು ಸುಮಾಕ್ ಉರ್ಕು, ಸುಂದರ ಬೆಟ್ಟ.

1545ರಲ್ಲಿ ಇಲ್ಲಿ ಬೆಳ್ಳಿ ಅಗೆಯಲು ಶುರುವಾಯಿತು. ಹದಿನೇಳನೆಯ ಶತಮಾನದ ಆರಂಭಕ್ಕೆ ಲಕ್ಷ ಮೀರಿದ ಜನಸಂಖ್ಯೆಯೊಂದಿಗೆ ಪೊಟೊಸಿ ಜಗತ್ತಿನ ದೊಡ್ಡ ನಗರಗಳಲ್ಲೊಂದಾಗಿತ್ತು. ಇಲ್ಲಿನ ಬೆಳ್ಳಿ ಹಡಗೇರಿ ಸ್ಪೇನಿಗೆ, ಚೀನಾಕ್ಕೆ ಹೋಯಿತು. ಹಾಗೆ ಅಮೆರಿಕದಿಂದ ಹೊರಟ ಬೆಳ್ಳಿ ಮೊಘಲರ ಟಂಕಸಾಲೆಗಳಲ್ಲೂ ಕರಗಿ ರೂಪಾಯಿಯಾಯಿತು.

ಊರಿನ ಟಂಕಸಾಲೆ, ಕಾಸಾ ದೆ ಲಾ ಮೊನೆದಾ, ಈಗ ವಸ್ತುಸಂಗ್ರಹಾಲಯ. ಹದಿನೆಂಟನೆಯ ಶತಮಾನದ ಈ ಕಟ್ಟಡದಲ್ಲಿ ಮರದ ಭಾರಿ ಹಲ್ಲುಗಾಲಿಗಳು ಹಾಗೇ ನಿಂತಿವೆ. ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಗಾಣದೆತ್ತಿನಂತೆ ಸುತ್ತುತ್ತಿದ್ದರೆ, ಮೇಲೆ ಬೆಳ್ಳಿಗಟ್ಟಿ ತಗಡಾಗುತ್ತಿತ್ತು. ಅಲ್ಲಿಂದ ಸ್ವಲ್ಪ ದೂರದ ಸ್ಯಾನ್ ಲೊರೆಂಜೊ ಚರ್ಚಿನ ಬಾಗಿಲವಾಡದ ಮುಂದೆ ನಾನು ಬಹಳ ಹೊತ್ತು ನಿಂತೆ. ಸೂರ್ಯ, ಚಂದ್ರ, ತಂತಿವಾದ್ಯ ನುಡಿಸುವ ಮತ್ಸ್ಯಕನ್ಯೆಯರು! ಆಳುವವರ ದೇವಾಲಯದ ಕಲ್ಲಿನಲ್ಲಿ ಇಲ್ಲಿನ ಶಿಲ್ಪಿಗಳು ತಮ್ಮ ಆಕಾಶವನ್ನೇ ಕೆತ್ತಿಬಿಟ್ಟಿದ್ದಾರೆ.

ಈ ವೈಭವಕ್ಕೆ ಬೆಲೆ ತೆತ್ತವರು ಬೇರೆ. ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 1570ರ ದಶಕದಲ್ಲಿ ‘ಮೀತಾ’ ಎಂಬ ಕಡ್ಡಾಯ ದುಡಿಮೆಯನ್ನು ಹೇರಿದ. ಗೊತ್ತುಪಡಿಸಿದ ಸೀಮೆಗಳಿಂದ ದುಡಿಯುವ ವಯಸ್ಸಿನ ಗಂಡಸರಲ್ಲಿ ಏಳರಲ್ಲೊಂದು ಪಾಲು ಸರದಿಯಂತೆ ಗಣಿಗೆ ಬರಬೇಕಿತ್ತು. ಸುರಂಗ ಕುಸಿದು, ದೂಳು ಕುಡಿದು, ಅದಿರು ಸಂಸ್ಕರಿಸುವ ಪಾದರಸದ ವಿಷವೇರಿ ಸತ್ತವರಿಗೆ ಲೆಕ್ಕವಿಲ್ಲ.

ಬೆಟ್ಟ ಇಂದಿಗೂ ದುಡಿಸಿಕೊಳ್ಳುತ್ತಿದೆ. ಸಹಕಾರ ಸಂಘಗಳ ಗಣಿಗಾರರು ದವಡೆಯಲ್ಲಿ ಕೋಕಾ ಎಲೆ ಒತ್ತಿಕೊಂಡು ಸತು, ಸೀಸ, ಅಳಿದುಳಿದ ಬೆಳ್ಳಿಗಾಗಿ ಒಳಗಿಳಿಯುತ್ತಾರೆ. ನೆಲದಡಿಯ ಒಡೆಯನೆಂದು ಅವರು ನಂಬಿದ ‘ಎಲ್ ತಿಯೊ’ ಮೂರ್ತಿಗೆ ಅದೇ ಎಲೆಯ ಕಾಣಿಕೆ. ಶತಮಾನಗಳ ಅಗೆತದಿಂದ ಬೆಟ್ಟದ ನೆತ್ತಿಯೇ ಕುಸಿಯುತ್ತಿದೆ. 1987ರಲ್ಲಿ ವಿಶ್ವ ಪರಂಪರೆಯ ತಾಣವಾದ ಪೊಟೊಸಿಯನ್ನು ಯುನೆಸ್ಕೊ 2014ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು.

ಸುಕ್ರೆ ನಗರದಿಂದ ಇಲ್ಲಿಗೆ ಸುಮಾರು ಮೂರು ಗಂಟೆಯ ರಸ್ತೆ ಪಯಣ. ಮೊದಲ ದಿನ ಅವಸರ ಬೇಡ. ಕೋಕಾ ಚಹಾ ಕುಡಿದು, ನಿಧಾನ ನಡೆದು ಎತ್ತರಕ್ಕೆ ಒಗ್ಗಿಕೊಳ್ಳಿ. ಟಂಕಸಾಲೆಯ ನಾಣ್ಯಗಳನ್ನು ನೋಡಿದ ಕಣ್ಣಿನಿಂದಲೇ ಆ ಬೆಟ್ಟವನ್ನೂ ಒಮ್ಮೆ ನೋಡಿ. ಎರಡನ್ನೂ ನೋಡದೆ ಪೊಟೊಸಿ ಕಂಡಂತಾಗದು.