ಉಪ್ಪು, ನೀರು ಮತ್ತು ಡಯಾಲಿಸಿಸ್ ರೋಗಿ: ಒಂದು ಗಾದೆಯ ಶರೀರಶಾಸ್ತ್ರ

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು, ಮಾಡಿದ ತಪ್ಪಿನ ಫಲವನ್ನು ಉಣ್ಣಲೇಬೇಕೆಂಬ ಅರ್ಥದಲ್ಲಿ ಬಳಸುವುದು ರೂಢಿ. ಅದರ ವಾಚ್ಯಾರ್ಥ ಮಾತ್ರ ಶರೀರಧರ್ಮಕ್ಕೆ ಸೇರಿದ್ದು. ರಕ್ತದಲ್ಲಿ ಸೋಡಿಯಂ ಏರಿದೊಡನೆ ಬಾಯಾರಿಕೆ ಹುಟ್ಟುತ್ತದೆ. ಕುಡಿದ ನೀರಿನಲ್ಲಿ ಹೆಚ್ಚಾದುದನ್ನು ಮೂತ್ರಪಿಂಡ ಹೊರಹಾಕುತ್ತದೆ. ಮೂತ್ರಪಿಂಡ ಸಂಪೂರ್ಣವಾಗಿ ಸೋತವರಲ್ಲಿ ಬಾಯಾರಿಕೆ ಉಳಿಯುತ್ತದೆ, ನೀರು ಹೊರಹೋಗುವ ದಾರಿ ಮುಚ್ಚುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೊಲದಲ್ಲಿ, ಕಲ್ಲುಗಣಿಯಲ್ಲಿ ಬೆವರುವವನಿಗೆ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಕೊಡುವ ಪದ್ಧತಿ ಸರಿಯಾದುದೇ. ಬೆವರಿನೊಡನೆ ಹೋದ ಉಪ್ಪು, ನೀರು ಎರಡನ್ನೂ ಅದು ತುಂಬಿಕೊಡುತ್ತದೆ. ಆದರೆ ಆಸ್ಪತ್ರೆಯಲ್ಲಿ ಮಲಗಿರುವ ಡಯಾಲಿಸಿಸ್ ರೋಗಿಗೆ ಅದೇ ಮಜ್ಜಿಗೆ ಅಪಾಯಕಾರಿ. ‘ಸೋಡಿಯಂ ಕಡಿಮೆಯಾಗಿದೆ’ ಎಂಬ ವೈದ್ಯರ ಮಾತನ್ನು ‘ಮೈಯಲ್ಲಿ ಉಪ್ಪು ಕಡಿಮೆಯಾಗಿದೆ’ ಎಂದು ಮನೆಯವರು ಅರ್ಥೈಸಿಕೊಳ್ಳುವುದು ಸಹಜ. ತೊಡಕಿರುವುದು ಈ ಅನುವಾದದಲ್ಲಿಯೇ.

ರಕ್ತದ ಸೋಡಿಯಂ ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್‌ನಷ್ಟಿರುತ್ತದೆ. ಇದು ಉಪ್ಪಿನ ಒಟ್ಟು ಮೊತ್ತವಲ್ಲ, ನೀರಿಗೂ ಅದಕ್ಕೂ ಇರುವ ಪ್ರಮಾಣ. ಸಾರಿಗೆ ನೀರು ಹೊಯ್ದರೆ ಸಪ್ಪಗಾಗುತ್ತದೆ. ಹಾಕಿದ ಉಪ್ಪು ಎಲ್ಲಿಯೂ ಹೋಗಿರುವುದಿಲ್ಲ. ಡಯಾಲಿಸಿಸ್ ರೋಗಿಗಳಲ್ಲಿ ಬಹುಮಟ್ಟಿಗೆ ಆಗುವುದು ಇದೇ. ಅದಕ್ಕೆ ಉಪ್ಪು ಸೇರಿಸಿದರೆ ಬಾಯಾರಿಕೆ ಹೆಚ್ಚಿ, ಮತ್ತಷ್ಟು ನೀರು ಒಳಸೇರಿ, ಬಾವು, ರಕ್ತದೊತ್ತಡ, ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಬೆಳೆಯುತ್ತವೆ.

ಈ ಅಂಕಿಗೂ ಆಯುಷ್ಯಕ್ಕೂ ನಂಟಿದೆ. ಅಮೆರಿಕದ 1549 ಡಯಾಲಿಸಿಸ್ ರೋಗಿಗಳ ಮಾಹಿತಿಯನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದ ಸೋಡಿಯಂ ಪ್ರತಿ 4 ಮಿಲಿಮೋಲ್ ಹೆಚ್ಚಿದ್ದಂತೆ ಸಾವಿನ ಅಪಾಯ ಸುಮಾರು ಶೇ. 16ರಷ್ಟು ಕಡಿಮೆ ಕಂಡುಬಂದಿತು. ಕಡಿಮೆ ಸೋಡಿಯಂ ಒಂದೇ ಸಾವಿಗೆ ಕಾರಣವೆಂದು ಇದರಿಂದ ಹೇಳಲಾಗದು. ಹೃದಯದ ದೌರ್ಬಲ್ಯ, ಸೋಂಕು, ಊಟ ಸೇರದೆ ಕೃಶವಾದ ದೇಹ ಇವೆಲ್ಲವೂ ಆ ಅಂಕಿಯ ಹಿಂದೆ ಅಡಗಿರಬಹುದು. ಸೋಡಿಯಂ ಏರುವುದು ಈ ರೋಗಿಗಳಲ್ಲಿ ವಿರಳ. ಪ್ರಜ್ಞೆ ತಪ್ಪಿದವರು, ನೀರು ಬೇಕೆಂದು ಕೇಳಲಾರದವರು ಅದಕ್ಕೆ ತುತ್ತಾಗುತ್ತಾರೆ. ಅದೂ ಅಶುಭಸೂಚನೆಯೇ.

ಸೋಡಿಯಂ ತೀರಾ ಇಳಿದಾಗ ಅದನ್ನು ಅವಸರದಿಂದ ಏರಿಸುವಂತಿಲ್ಲ, ಮಿದುಳಿಗೆ ಹಾನಿಯಾದೀತು. ಡಯಾಲಿಸಿಸ್ ದ್ರಾವಣದಲ್ಲಿ ಸೋಡಿಯಂ ಸಾಮಾನ್ಯವಾಗಿ 140ರ ಆಸುಪಾಸಿನಲ್ಲಿರುವುದರಿಂದ ನಾಲ್ಕು ಗಂಟೆಗಳ ಚಿಕಿತ್ಸೆಯಲ್ಲಿಯೇ ಅಂಕಿ ನೆಗೆಯಬಲ್ಲದು. ಆದ್ದರಿಂದ ವೈದ್ಯರು ದ್ರಾವಣದ ಸೋಡಿಯಂ ತಗ್ಗಿಸುವುದು, ಅವಧಿ ಮೊಟಕುಗೊಳಿಸುವುದು ಮುಂತಾಗಿ ಲೆಕ್ಕ ಹಾಕುತ್ತಾರೆ. ಪ್ರೀತಿಯಿಂದ ತಂದುಕೊಟ್ಟ ಒಂದು ತಂಬಿಗೆ ಮಜ್ಜಿಗೆ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಬಂದವರಿಗೆ ಮೊದಲು ನೀರು ಕೊಡುವ ಸಮಾಜದಲ್ಲಿ ನೀರಡಿಸಿದವನಿಗೆ ‘ಸಾಕು’ ಎನ್ನುವುದು ಕಠಿಣ. ಗಾದೆ ಉಪ್ಪನ್ನು ಮೊದಲಿಟ್ಟಿದೆ, ನೀರನ್ನು ಅನಂತರ. ಪಥ್ಯದ ಕ್ರಮವೂ ಅದೇ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಶೇಂಗಾ ಹಿಂಡಿ ತಟ್ಟೆಯಲ್ಲಿರುವಾಗ ನೀರನ್ನು ಮಾತ್ರ ತಡೆದರೆ ರೋಗಿ ಕದ್ದಾದರೂ ಕುಡಿಯುತ್ತಾನೆ. ಅಂಗಡಿಯಲ್ಲಿ ದೊರೆಯುವ ‘ಕಡಿಮೆ ಸೋಡಿಯಂ’ ಉಪ್ಪೂ ಇದಕ್ಕೆ ಪರಿಹಾರವಲ್ಲ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ನಿಂತೀತು.